ಮಳೆಯ ದಿನ ತಿಳಿಯದೆ ಮದ್ದಿನ ದಿನ ಗೊತ್ತುಮಾಡುವುದು ಹೇಗೆ?



ಮಂಗಳೂರಿನಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕಾವೂರು ಸಿಗುತ್ತದೆ. ಒಂದು ಕಾಲಕ್ಕೆ ಬೈಲುಗದ್ದೆಗಳ ಊರಾಗಿದ್ದ ಇದು ಈಗ ನಗರದೊಳಗೆ ಸೇರಿಹೋಗಿದೆ. ಆದರೂ ಮನೆಗಳ ಹಿಂದೆ ತೆಂಗು, ಕಂಗು ಇನ್ನೂ ತಲೆ ಎತ್ತಿ ನಿಂತಿವೆ. ಈ ಊರಿನ ಒಂದು ವಿಶೇಷವನ್ನು ನೀವು ಗಮನಿಸಿರಲಿಕ್ಕಿಲ್ಲ. ಹವಾಮಾನ ಇಲಾಖೆಯು ಮಂಗಳೂರಿನ ಮಳೆಯನ್ನು ಎರಡು ಕಡೆ ಅಳೆಯುತ್ತದೆ: ಒಂದು ಕಡಲ ಬದಿಯ ಪಣಂಬೂರು, ಇನ್ನೊಂದು ಗುಡ್ಡದ ಮೇಲಿನ ವಿಮಾನ ನಿಲ್ದಾಣ. ಕಾವೂರು ಇವೆರಡರ ನಡುವೆ ಇದೆ. ಒಂದೇ ದಿನ ಅಲ್ಲಿಯ ಲೆಕ್ಕ ಒಂದು, ಇಲ್ಲಿಯ ಲೆಕ್ಕ ಇನ್ನೊಂದು. ಹಾಗಾದರೆ ಕಾವೂರಿನ ತೋಟದಲ್ಲಿ ಎಷ್ಟು ಮಳೆ ಬಿತ್ತು? ಅದನ್ನು ಇಲಾಖೆ ಹೇಳಲಾರದು. ನಿನ್ನೆ ಬಿದ್ದ ಮಳೆಯೇ ಸರಿಯಾಗಿ ತಿಳಿಯದಿರುವಾಗ ನಾಳೆ ಬೀಳಲಿರುವ ಮಳೆಯನ್ನು ನಂಬಿ ಕೆಲಸ ಮಾಡಬೇಕಾದವನು ರೈತ.

ಅಡಿಕೆ ಬೆಳೆಗಾರನಿಗೆ ಪ್ರತಿವರ್ಷ ಮೇ ತಿಂಗಳಿನಲ್ಲಿ ಬರುವ ಪ್ರಶ್ನೆ ಇದೇ. ಕೊಳೆರೋಗಕ್ಕೆ ಮೊದಲ ಮದ್ದು ಯಾವಾಗ ಬಿಡಬೇಕು? ಮಳೆ ಹಿಡಿಯುವ ಮೊದಲು ಎಂದು ಎಲ್ಲರೂ ಹೇಳುತ್ತಾರೆ. ಮಳೆ ಯಾವಾಗ ಹಿಡಿಯುತ್ತದೆ ಎಂದು ಕೇಳಿದರೆ ಆಕಾಶ ನೋಡುತ್ತಾರೆ.

ಇತ್ತೀಚಿನ ಕೆಲವು ವರ್ಷಗಳನ್ನೇ ನೋಡಿರಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. ಅದು 2019ರಲ್ಲಿ ಜೂನ್ 8ಕ್ಕೆ ಬಂತು, 2021ರಲ್ಲಿ ಜೂನ್ 3ಕ್ಕೆ, 2022ರಲ್ಲಿ ಮೇ 29ಕ್ಕೆ, 2023ರಲ್ಲಿ ಮತ್ತೆ ಜೂನ್ 8ಕ್ಕೆ, 2024ರಲ್ಲಿ ಮೇ 30ಕ್ಕೆ. 2025ರಲ್ಲಿ ಮೇ 24ಕ್ಕೇ ಬಂದು ಒಂದೆರಡು ದಿನಗಳೊಳಗೆ ನಮ್ಮ ಕರಾವಳಿಯನ್ನೂ ಆವರಿಸಿತು. ಅತಿ ಬೇಗ ಬಂದ ವರ್ಷಕ್ಕೂ ಅತಿ ತಡವಾಗಿ ಬಂದ ವರ್ಷಕ್ಕೂ ಹದಿನೈದು ದಿನಗಳ ಅಂತರ. ಹವಾಮಾನ ಇಲಾಖೆ ಮೇ ತಿಂಗಳ ನಡುವೆ ಮುಂಗಾರಿನ ದಿನವನ್ನು ಮೊದಲೇ ಹೇಳುತ್ತದೆ. 2005ರಿಂದೀಚೆಗೆ 2024ರವರೆಗೆ ಅವರ ಮಾತು ತಪ್ಪಿದ್ದು 2015ರಲ್ಲಿ ಮಾತ್ರ. ಇದು ಮೆಚ್ಚತಕ್ಕ ಸಂಗತಿಯೇ. ಆದರೆ ಅವರು ಹೇಳುವ ದಿನಕ್ಕೆ ಹಿಂದೆ ನಾಲ್ಕು, ಮುಂದೆ ನಾಲ್ಕು ದಿನಗಳ ವಿನಾಯಿತಿ ಇದೆ ಎಂಬುದನ್ನು ಮರೆಯಬಾರದು. ಅದೂ ಕೇರಳದ ದಿನ, ನಿಮ್ಮ ತೋಟದ ದಿನವಲ್ಲ.

ಇನ್ನು "ಈ ವರ್ಷ ವಾಡಿಕೆಯ ಮಳೆ" ಎಂಬ ಸುದ್ದಿ. ವಾಡಿಕೆ ಎಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ದೇಶಕ್ಕೆ ಸರಾಸರಿ 87 ಸೆಂಟಿಮೀಟರ್. ಅದರ ನೂರಕ್ಕೆ 96ರಿಂದ 104 ಭಾಗ ಬಿದ್ದರೆ ಅದು ವಾಡಿಕೆಯ ಮಳೆ. ಮಂಗಳೂರಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಈ ಸುದ್ದಿಯನ್ನು ಪತ್ರಿಕೆಗಳು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತವೆ, ನಾವೂ ಹಾಕಿದ್ದೇವೆ. ಮದ್ದು ಬಿಡುವ ದಿನವನ್ನು ಗೊತ್ತುಮಾಡಲು ಅದರಿಂದ ಕವಡೆಯಷ್ಟೂ ಪ್ರಯೋಜನವಿಲ್ಲ.

ಹೀಗಿರುವಾಗ ಏನು ಮಾಡಬೇಕು? ಎಲ್ಲ ತಿಳಿದ ಮೇಲೆ ನಿರ್ಧರಿಸೋಣ ಎಂದು ಕೂತವನಿಗೆ ಜೂನ್ ಮುಗಿದಿರುತ್ತದೆ. ತಿಳಿಯದಿದ್ದುದನ್ನು ತಿಳಿಯದೆಂದು ಒಪ್ಪಿಕೊಂಡು, ತಿಳಿದಷ್ಟರಲ್ಲಿ ಲೆಕ್ಕ ಹಾಕುವ ಕ್ರಮವೊಂದಿದೆ. ಅದನ್ನು ಕೊಳೆರೋಗದ ಉದಾಹರಣೆಯಿಂದಲೇ ವಿವರಿಸುತ್ತೇವೆ.

ಮೊದಲು, ಮದ್ದು ಬಿಡಬೇಕೇ ಬೇಡವೇ ಎಂಬ ಪ್ರಶ್ನೆ. ಲೆಕ್ಕಕ್ಕೆ ಸುಲಭವಾಗಲೆಂದು ಒಂದು ತೋಟವನ್ನು ಊಹಿಸಿಕೊಳ್ಳೋಣ. ಎರಡು ಸಲ ಮದ್ದು ಬಿಡಲು ಆಳಿನ ಸಂಬಳ, ಮೈಲುತುತ್ತು, ಸುಣ್ಣ ಎಲ್ಲ ಸೇರಿ ಹತ್ತು ಸಾವಿರ ರೂಪಾಯಿ ಖರ್ಚು. ರೋಗ ಬಂದ ವರ್ಷ ಮದ್ದು ಬಿಟ್ಟಿದ್ದರೆ ಐವತ್ತು ಸಾವಿರದ ಅಡಿಕೆ ಉಳಿಯುತ್ತಿತ್ತು ಎಂದಿಟ್ಟುಕೊಳ್ಳಿ. ಐದು ವರ್ಷಗಳಲ್ಲಿ ಒಂದು ವರ್ಷ ರೋಗ ಬಂದರೆ ಖರ್ಚು, ಉಳಿತಾಯ ಸರಿಸಮ. ಅದಕ್ಕಿಂತ ಹೆಚ್ಚು ಸಲ ಬರುವುದಾದರೆ ಮದ್ದು ಬಿಡುವುದೇ ಲಾಭ. ಈಗ ನೋಡಿ, ಈ ವರ್ಷ ರೋಗ ಬರುತ್ತದೋ ಇಲ್ಲವೋ ಎಂದು ನೀವು ತಿಳಿಯಬೇಕಾಗಿಯೇ ಇಲ್ಲ. ಐದರಲ್ಲಿ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬಷ್ಟು ತಿಳಿದರೆ ಸಾಕು. ನಿಮ್ಮ ಖರ್ಚು ಬೇರೆ, ನಿಮ್ಮ ಫಸಲು ಬೇರೆ. ನಿಮ್ಮ ಅಂಕಿಗಳನ್ನು ಹಾಕಿ ನಿಮ್ಮ ಗೆರೆಯನ್ನು ನೀವೇ ಎಳೆದುಕೊಳ್ಳಿ.

ಆ ಗೆರೆಯ ಯಾವ ಬದಿಗೆ ನಿಮ್ಮ ತೋಟವಿದೆ ಎಂಬುದಕ್ಕೆ ಹಿಂದಿನ ಹತ್ತು ವರ್ಷಗಳ ನೆನಪೇ ಸಾಕ್ಷಿ. ಆದರೆ ಇಲ್ಲಿ ಬಹಳ ಮಂದಿ ಎಡವುತ್ತಾರೆ. "ನನ್ನ ತೋಟಕ್ಕೆ ಏಳು ವರ್ಷಗಳಿಂದ ಕೊಳೆ ಬಂದಿಲ್ಲ, ಇನ್ನು ಮದ್ದು ಯಾಕೆ" ಎಂದು ಕೇಳುವವರಿದ್ದಾರೆ. ಆ ಏಳು ವರ್ಷವೂ ಅವರು ಮದ್ದು ಬಿಟ್ಟಿದ್ದರಷ್ಟೆ! ಮದ್ದು ಬಿಟ್ಟ ವರ್ಷ ರೋಗ ಬಾರದಿದ್ದುದು ರೋಗವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ನೆರೆಯ ಹಿತ್ತಿಲಲ್ಲಿ ಮದ್ದು ಕಾಣದ ನಾಲ್ಕು ಮರಗಳಿದ್ದರೆ ಅವುಗಳ ಬುಡದಲ್ಲಿ ಎಷ್ಟು ಎಳೆಕಾಯಿ ಕೊಳೆತು ಬಿದ್ದಿದೆ ಎಂದು ನೋಡಿರಿ. ನಿಮಗೆ ಬೇಕಾದ ಸುದ್ದಿ ಅಲ್ಲಿದೆ.

ಎರಡನೆಯದು, ಯಾವ ದಿನ ಎಂಬ ಪ್ರಶ್ನೆ. ಇಲ್ಲಿ ಎರಡು ಬಗೆಯ ತಪ್ಪುಗಳಿಗೆ ಅವಕಾಶವಿದೆ. ಎರಡರ ಬೆಲೆ ಒಂದೇ ಅಲ್ಲ. ಹತ್ತು ದಿನ ಬೇಗ ಬಿಟ್ಟಿರೆಂದರೆ, ಮದ್ದಿನ ರಕ್ಷಣೆ ಸುಮಾರು 40ರಿಂದ 45 ದಿನ ಇರುವುದರಿಂದ, ಎರಡನೆಯ ಸಲದ ಕೆಲಸ ಹತ್ತು ದಿನ ಮುಂದಕ್ಕೆ ಬರುತ್ತದೆ. ಹೋಗುವುದು ಅಷ್ಟೆ. ಹತ್ತು ದಿನ ತಡವಾದರೆ ಮರ ಪಾಚಿಗಟ್ಟಿ ಜಾರುತ್ತದೆ, ಮರ ಹತ್ತುವವರು ಸಿಗುವುದಿಲ್ಲ, ಗೊನೆ ಒಣಗುವಷ್ಟು ಬಿಸಿಲಿರುವುದಿಲ್ಲ. ಈ ರೋಗದ ಶಿಲೀಂಧ್ರವಾದರೋ ನೀರಿನಲ್ಲೇ ಈಜಿ ಕಾಯಿಯಿಂದ ಕಾಯಿಗೆ ಹರಡತಕ್ಕದ್ದು. ಮಳೆ ಬಿಟ್ಟುಬಿಟ್ಟು ಬಂದು ನಡುವೆ ಬಿಸಿಲು ಕಾದರೆ ಅದಕ್ಕೆ ಹಬ್ಬ. ಆದಕಾರಣ ಅನುಮಾನವಿದ್ದಾಗ ಬೇಗದ ಕಡೆಗೇ ವಾಲುವುದು ಬುದ್ಧಿವಂತಿಕೆ. ಹಾಗೆಂದು ಏಪ್ರಿಲಿನಲ್ಲೇ ಬಿಟ್ಟರೆ ಜುಲೈ ಮಳೆಗೆ ಮದ್ದಿನ ಹೊದಿಕೆ ಉಳಿಯದು.

ನಮ್ಮ ಹಿರಿಯರು ಈ ಲೆಕ್ಕವನ್ನು ಕಾಗದದಲ್ಲಿ ಹಾಕಿದವರಲ್ಲ. ಅವರಿಗೆ ಪತ್ತನಾಜೆ ಇತ್ತು. ತುಳು ತಿಂಗಳು ಬೇಶದ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25. ಅಷ್ಟರೊಳಗೆ ಕೋಲ, ನೇಮ ಮುಗಿಯಬೇಕು, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಬೇಕು, ಸೌದೆ ಒಳಗೆ ಬೀಳಬೇಕು. ಪತ್ತನಾಜೆಯಂದೇ ಮಳೆ ಬರುತ್ತದೆಂದು ಅವರೇನೂ ಪ್ರಮಾಣ ಮಾಡಿರಲಿಲ್ಲ. ಬಹುತೇಕ ವರ್ಷಗಳಲ್ಲಿ ಮಳೆಗಿಂತ ತುಸು ಮುಂಚೆ ಬೀಳುವ ದಿನವೊಂದನ್ನು ಆರಿಸಿ ಗಡುವು ಹಾಕಿಕೊಂಡಿದ್ದರು. ಇದು ಮೂಢನಂಬಿಕೆಯಲ್ಲ, ಒಳ್ಳೆಯ ಲೆಕ್ಕಾಚಾರ. ಆದರೆ 2025ರಂತೆ ಮಳೆಯೇ ಪತ್ತನಾಜೆಯ ಹೊತ್ತಿಗೆ ಬಂದು ನಿಂತರೆ ಗಡುವನ್ನು ಒಂದು ವಾರ ಹಿಂದಕ್ಕೆ ತರುವುದನ್ನೂ ಯೋಚಿಸಬೇಕಾಗುತ್ತದೆ. ಅಜ್ಜ ಹಾಕಿದ ಗಡುವನ್ನು ಮೊಮ್ಮಗ ತಿದ್ದಿದರೆ ಅಜ್ಜನಿಗೆ ಅವಮಾನವೇನಿಲ್ಲ.

ಮೂರನೆಯ ಮಾತು, ಯಾವ ಮಾಹಿತಿಗೆ ಓಡಾಡಬೇಕು, ಯಾವುದಕ್ಕೆ ಬೇಡ ಎಂಬುದು. ಬೋರ್ಡೋ ಮಿಶ್ರಣ ತಯಾರಿಸುವ ರೀತಿ ನಿಮಗೆ ತಿಳಿದೇ ಇದೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ತಯಾರಿಸಿದ್ದನ್ನು ಅಂದೇ ಬಳಸಬೇಕು. ಸುಣ್ಣ ಎಷ್ಟು ಹಳೆಯದೋ, ಅದರಲ್ಲಿ ಎಷ್ಟು ಸತ್ವವಿದೆಯೋ ನಮಗೆ ತಿಳಿಯದು. ಅದಕ್ಕೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಮಿಶ್ರಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ಹಿಡಿದರೆ ತುತ್ತು ಹೆಚ್ಚಾಯಿತು, ಸುಣ್ಣ ಸೇರಿಸಬೇಕು, ಹಿಡಿಯದಿದ್ದರೆ ಸರಿಯಾಯಿತು. ಒಂದು ನಿಮಿಷದ ಕೆಲಸ, ಖರ್ಚು ಸೊನ್ನೆ, ಸಿಗುವ ಉತ್ತರದಿಂದ ನೀವು ಮಾಡುವ ಕೆಲಸವೇ ಬದಲಾಗುತ್ತದೆ. ಮಾಹಿತಿ ಎಂದರೆ ಇದು. ಇನ್ನು ಕೆಲವರು ದಿನಕ್ಕೆ ಮೂರು ಸಲ ಮೊಬೈಲಿನಲ್ಲಿ ಅಡಿಕೆ ಧಾರಣೆ ನೋಡುತ್ತಾರೆ, ಆದರೆ ಮಗಳ ಮದುವೆಯವರೆಗೆ ಚಾಲಿ ಕೊಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿರುತ್ತಾರೆ. ಧಾರಣೆ ಏರಿದರೂ ಇಳಿದರೂ ಅವರ ಕೆಲಸ ಬದಲಾಗದು. ಇದಕ್ಕೆ ಕಾಲಕ್ಷೇಪ ಎನ್ನಬಹುದು.

ಧಾರಣೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. 1970-71ರಲ್ಲಿ ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದರು. ಆ ಪೆಟ್ಟಿನಿಂದಲೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿಕೊಂಡಿತು. ಮುಂದಿನ ಧಾರಣೆಯನ್ನು ಬಲ್ಲವರು ಅಂದೂ ಇರಲಿಲ್ಲ, ಇಂದೂ ಇಲ್ಲ. ಅತ್ಯಂತ ಹೆಚ್ಚಿನ ಧಾರಣೆಗೇ ಕೊಡುತ್ತೇನೆಂದು ಕಾಯುವವನು ಆ ದಿನ ದಾಟಿಹೋದ ಮೇಲೆಯೇ ಅದೇ ಆ ದಿನವೆಂದು ಅರಿಯುತ್ತಾನೆ. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದ ಅಮೆರಿಕದ ಹರ್ಬರ್ಟ್ ಸೈಮನ್ ಅವರು ಪ್ರತಿಪಾದಿಸಿದ್ದು ಸಹ ಇದನ್ನೇ. ಮನುಷ್ಯನ ತಿಳಿವಳಿಕೆಗೆ, ಸಮಯಕ್ಕೆ ಮಿತಿಯಿದೆ. ಆದ್ದರಿಂದ ಆತ ಅತ್ಯುತ್ತಮವಾದುದನ್ನು ಹುಡುಕುತ್ತಾ ಕೂರದೆ, ಇಷ್ಟಾದರೆ ಸಾಕು ಎಂಬ ಮಟ್ಟವನ್ನು ಇಟ್ಟುಕೊಂಡು, ಅದನ್ನು ಮುಟ್ಟಿದ್ದು ಸಿಕ್ಕಿದಾಗ ಹುಡುಕಾಟ ನಿಲ್ಲಿಸುತ್ತಾನೆ. ಮನೆ ಖರ್ಚಿಗೆ, ಸಾಲದ ಕಂತಿಗೆ ಬೇಕಾದಷ್ಟನ್ನು ಆ ಮಟ್ಟಕ್ಕೆ ಕೊಟ್ಟು, ಉಳಿದುದನ್ನು ಎರಡು ಮೂರು ಕಂತಿನಲ್ಲಿ ಕೊಡುವ ನಮ್ಮ ಬೆಳೆಗಾರರು ಆ ಪುಸ್ತಕಗಳನ್ನು ಓದಿದವರಲ್ಲ.

ಎಲ್ಲ ನಿರ್ಧಾರಗಳಿಗೂ ಒಂದೇ ಅಳತೆ ಸಲ್ಲದು. ಒಣಗಿಸಿಟ್ಟ ಚಾಲಿಯನ್ನು ಇಂದು ಕೊಡದಿದ್ದರೆ ಮುಂದಿನ ತಿಂಗಳು ಕೊಡಬಹುದು. ಗದ್ದೆ ಮುಚ್ಚಿ ಕಂಗಿನ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ. ಹಿಂದಕ್ಕೆ ಹೋಗುವ ದಾರಿಯಿಲ್ಲ. ಅಂಥಲ್ಲಿ ಅವಸರ ಬೇಡ. ಮಣ್ಣು ಪರೀಕ್ಷೆ ಮಾಡಿಸಿ, ಬೇಸಿಗೆಯ ನೀರಿನ ಮಟ್ಟ ನೋಡಿ, ವಿಟ್ಲದ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿ ಬನ್ನಿ. ಬಸ್ಸಿನ ಖರ್ಚು ದಂಡವಾಗದು.

ಕೊನೆಯದಾಗಿ, ಫಲ ನೋಡಿ ನಿರ್ಧಾರವನ್ನು ಅಳೆಯುವ ಚಾಳಿ. ಮದ್ದು ಬಿಡದ ನೆರೆಯವನಿಗೆ ಒಂದು ವರ್ಷ ಕೊಳೆ ಬಾರದಿದ್ದರೆ ಅವನನ್ನು ಜಾಣನೆಂದು ಕರೆಯುತ್ತಾರೆ, ಹಣ ಖರ್ಚು ಮಾಡಿದವನನ್ನು ನೋಡಿ ನಗುತ್ತಾರೆ. ನಕ್ಕವರ ಮಾತಿಗೆ ಮರುಳಾಗಿ ಮರುವರ್ಷ ಮದ್ದು ಬಿಡದೆ ಗೊನೆ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ. ಇದಕ್ಕೆ ಒಂದೇ ಉಪಾಯ, ಒಂದು ನೋಟುಪುಸ್ತಕ. ಮದ್ದು ಬಿಡುವ ದಿನವೇ ಅದರಲ್ಲಿ ಬರೆಯಿರಿ: ಇಂದು ನನಗೆ ಏನು ತಿಳಿದಿತ್ತು, ಏನು ತಿಳಿದಿರಲಿಲ್ಲ, ಯಾಕೆ ಹೀಗೆ ಮಾಡಿದೆ. ಫಲ ಬಂದ ಮೇಲೆ ಬರೆದರೆ ಕೈ ತಾನಾಗಿಯೇ ಸುಳ್ಳು ಬರೆಯುತ್ತದೆ.

ಅದೇ ಪುಸ್ತಕದಲ್ಲಿ ಮಳೆಯ ಲೆಕ್ಕವೂ ಇರಲಿ. ಬಾಯಿಯಿಂದ ಬುಡದವರೆಗೆ ಒಂದೇ ಅಗಲವಿರುವ, ಬುಡ ಸಪಾಟಾದ ಡಬ್ಬಿಯೊಂದನ್ನು ಮರದ ನೆರಳು, ಮಾಡಿನ ನೀರು ಬೀಳದ ಕಡೆ ಅಂಗಳದಲ್ಲಿ ಅಲುಗಾಡದಂತೆ ಇಡಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮಕ್ಕಳ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆದು, ಬರೆದು, ಚೆಲ್ಲಿ. ಪಣಂಬೂರಿನ ಅಂಕಿ, ಬಜ್ಪೆಯ ಅಂಕಿ, ನಡುವಿನ ಕಾವೂರಿನ ಅಂಕಿ ಮೂರನ್ನೂ ಪಕ್ಕಪಕ್ಕದಲ್ಲಿ ನೋಡಬೇಕೆಂಬ ಆಸೆ ನಮಗಿದೆ. ಕಾವೂರಿನವರೂ ಬೇರೆ ಊರುಗಳವರೂ ಜೂನ್ ತಿಂಗಳ ಲೆಕ್ಕವನ್ನು ಜುಲೈ ಮೊದಲ ವಾರದಲ್ಲಿ ಕಾರ್ಡಿನಲ್ಲಿ ಬರೆದು ಈ ಪುಟಕ್ಕೆ ಕಳುಹಿಸಿರಿ, ಅಚ್ಚು ಹಾಕುತ್ತೇವೆ.