ನನ್ನ ಕಾಲು ಒಂದೇ ದೋಣಿಯಲ್ಲಿದೆ

ಬಿ.ಸಿ. ರೋಡಿನ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಜೊತೆಗೆ ಉಬುಂಟು ಲಿನಕ್ಸನ್ನೂ ಹಾಕಿಕೊಂಡದ್ದು ಬೆಳ್ತಂಗಡಿಯ ಗೆಳೆಯರಿಗೂ ಹಿಡಿಸಿಲ್ಲ, ಮೂಡುಬಿದಿರೆಯ ಕಂಪ್ಯೂಟರ್ ಮಾಸ್ಟ್ರಿಗೂ ಹಿಡಿಸಿಲ್ಲ.

ಎರಡು ದೋಣಿಗೆ ಕಾಲಿಟ್ಟಿದ್ದೀರಿ ಎನ್ನುತ್ತಾರೆ ಗೆಳೆಯರು. ಮೆಷಿನ್ ಆನ್ ಆದಾಗ ಆಯ್ಕೆ ಕೇಳುವ ಗ್ರಬ್‌ನ ಕಪ್ಪು ಪರದೆಯಲ್ಲಿ ಎರಡು ಹೆಸರು ಬರುತ್ತವೆ, ಹತ್ತು ಸೆಕೆಂಡಿನೊಳಗೆ ಒಂದನ್ನು ಒತ್ತುತ್ತೇನೆ. ಇನ್ನೊಂದು ದೋಣಿ ದಡದಲ್ಲಿ ಕಟ್ಟಿಯೇ ಇರುತ್ತದೆ.

ಮಾಸ್ಟ್ರ ಮಾತು ಇನ್ನೂ ಖಾರ: ನೀವು ವಿಂಡೋಸಿನಲ್ಲಿ ಪುಟ ಕಟ್ಟುವ ಪೇಜ್‌ಮೇಕರ್ ಸತ್ತು ಎಷ್ಟೋ ಕಾಲವಾಯಿತು, ವಿಂಡೋಸ್ ಅಳಿಸಿ ಪೂರ್ತಿ ಲಿನಕ್ಸಿಗೆ ಬನ್ನಿ. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಅದರಾಚೆ ದೊಡ್ಡ ಆವೃತ್ತಿ ಬರಲಿಲ್ಲ ಎಂಬುದು ನನಗೂ ಗೊತ್ತು. ಮಾಸ್ಟ್ರು ಒಂದು ದಿನ ನನ್ನ ಅಂಗಡಿಯಲ್ಲಿ ಕೂರಲಿ. ದೇವಸ್ಥಾನದ ಬ್ರಹ್ಮಕಲಶದ ಸಮಿತಿಯವರು 12 ವರ್ಷ ಹಿಂದಿನ ಆಮಂತ್ರಣ ಹಿಡಿದುಕೊಂಡು ಬರುತ್ತಾರೆ. "ಹೀಗೆಯೇ ಇರಲಿ, ಹೆಸರು ಮಾತ್ರ ಬದಲಿಸಿ." ತಂತ್ರಿಗಳು, ಮೊಕ್ತೇಸರರು, ಹೊರೆಕಾಣಿಕೆ ಸಮಿತಿ, ಅನ್ನಸಂತರ್ಪಣೆಯ ಸೇವಾಕರ್ತರು, ಎಲ್ಲರೂ ಪೇಜ್‌ಮೇಕರ್ ಫೈಲಿನೊಳಗೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದಾರೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ತಪ್ಪಿತೋ, ತಂತ್ರಿಗಳು ಟೋಪಿ ಹಾಕಿದ 'ಎ' ಆಗಿ ಪ್ರತ್ಯಕ್ಷರಾಗುತ್ತಾರೆ! ಯುನಿಕೋಡಿಗೆ ತರುವ ಪರಿವರ್ತಕಗಳಿವೆ, ಆದರೆ ಅವು ತರುವುದು ಅಕ್ಷರವನ್ನು, ಪುಟವನ್ನಲ್ಲ. ಹದಿನಾರು ಪುಟ ಹೊಸದಾಗಿ ಕಟ್ಟುವ ಕೂಲಿಯನ್ನು ಸಮಿತಿಯವರು ಕೊಡುವುದಿಲ್ಲ, ಮಾಸ್ಟ್ರಂತೂ ಕೊಡುವುದಿಲ್ಲ.

ಹಾಗಾದರೆ ವಿಂಡೋಸ್ ಒಂದೇ ಸಾಲದೇ ಎಂದು ಗೆಳೆಯರ ಪಾಟೀಸವಾಲು. ಸಾಲದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನನ್ನ ಮೆಷಿನಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ, ವಿಂಡೋಸ್ 11ಕ್ಕೆ ಮೆಷಿನ್ ಅರ್ಹವಲ್ಲ. ಅದಕ್ಕೇ ವಿಂಡೋಸಿನ ನೆಟ್ ಕಿತ್ತು ಪೇಜ್‌ಮೇಕರಿಗೆ ಮಾತ್ರ ಬಿಟ್ಟಿದ್ದೇನೆ. ಇಮೇಲ್, ಬ್ಯಾಂಕು, ಗಿರಾಕಿಗಳ ಪೆನ್‌ಡ್ರೈವ್, ಯುನಿಕೋಡಿನ ಟೈಪಿಂಗ್ ಎಲ್ಲ ಉಬುಂಟುವಿನಲ್ಲಿ. ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ಅಲ್ಲೂ ಸಿಗುತ್ತದೆ, ಬೆರಳು ಹೊಸದೇನೂ ಕಲಿಯಬೇಕಿಲ್ಲ.

ಒಂದರೊಳಗೇ ಇನ್ನೊಂದನ್ನು ಓಡಿಸುವ ವರ್ಚುವಲ್‌ಬಾಕ್ಸ್? 16 ಜಿಬಿ ರ‍್ಯಾಮ್ ಇದ್ದವರಿಗೆ ಒಳ್ಳೆಯದೇ. ನನ್ನಲ್ಲಿರುವುದು 4. ಎರಡನ್ನೂ ಹಾಕಿಕೊಂಡಾಗ ಕಂಪ್ಯೂಟರಿನ ಗಡಿಯಾರ ಐದೂವರೆ ಗಂಟೆ ತಪ್ಪುವುದಕ್ಕೆ ಉಬುಂಟುವಿನಲ್ಲಿ ಒಂದು ಸಾಲಿನ ಕಮಾಂಡ್ ಇದೆ.

ವಿಂಡೋಸ್ ಅಪ್‌ಡೇಟ್ ಲಿನಕ್ಸನ್ನು ಮಲಗಿಸುತ್ತದೆ ಎಂಬ ದೂರು ಸುಳ್ಳಲ್ಲ. 2024ರ ಆಗಸ್ಟ್‌ನ ಅಪ್‌ಡೇಟ್, ಸೆಕ್ಯೂರ್ ಬೂಟ್ ಇದ್ದ ಎಷ್ಟೋ ಮೆಷಿನ್‌ಗಳಲ್ಲಿ ಲಿನಕ್ಸ್ ಏಳದ ಹಾಗೆ ಮಾಡಿತು. ಅದು ಪೂರ್ತಿ ಸರಿಯಾದದ್ದು 2025ರ ಮೇ ತಿಂಗಳಲ್ಲಿ. ನೆಟ್ಟೇ ಇಲ್ಲದ ನನ್ನ ವಿಂಡೋಸಿಗೆ ಆ ಭಯವಿಲ್ಲ. ವಿಂಡೋಸ್ 11 ಇಟ್ಟುಕೊಂಡವರು ಉಬುಂಟುವಿನ ಪೆನ್‌ಡ್ರೈವ್ ಒಂದನ್ನು ಡ್ರಾವರಿನಲ್ಲಿ ಇಟ್ಟುಕೊಳ್ಳಲಿ.

ಹಾಕಿಸುವ ಮನಸ್ಸಿದ್ದರೆ ಜಾತ್ರೆಗಳ ಕಾಲ ಮುಗಿಸುವ ಪತ್ತನಾಜೆ ಕಳೆದು ಆರ್ಡರ್ ಇಳಿಯಲಿ. ಫೈಲುಗಳ ಪ್ರತಿ ಹೊರಗಿನ ಡಿಸ್ಕಿಗೆ ಹೋಗಲಿ, ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಆಗಲಿ. ಗುಡುಗುವ ಸಂಜೆ ಮಾತ್ರ ಪಾರ್ಟಿಶನ್ ಕುಗ್ಗಿಸಲು ಕೂರಬೇಡಿ. ನಾನು ಕೂತಿದ್ದೆ, ಕರೆಂಟು ಹೋಯಿತು, ಯುಪಿಎಸ್‌ನ ಬ್ಯಾಟರಿ ಸತ್ತಿತ್ತು.