ಹದದ ದಿನ ಬೋಲ್ಟು ಬಿಚ್ಚುವ ಕೆಲಸ ಬೇಡ

ಮಳೆ ಬಿದ್ದು ಹದ ಕೂತ ದಿನ ನಮ್ಮ ಕಡೆಯ ವೆಲ್ಡಿಂಗ್ ಶಾಪುಗಳ ಮುಂದೆ ನೋಡಬೇಕು. ಒಬ್ಬರ ಕಲ್ಟಿವೇಟರ್ ಕುಳ ಸವೆದಿದೆ, ಬೋಲ್ಟು ಬಿಚ್ಚುತ್ತಿಲ್ಲ. ಇನ್ನೊಬ್ಬರ ಗೊಬ್ಬರ ಕೂರಿಗೆಯ ನಟ್ಟು ಕಚ್ಚಿಕೊಂಡಿದೆ. ಎಲ್ಲರದೂ ಒಂದೇ ಮಾತು, "ಗ್ಯಾಸ್ ಹಿಡ್ದು ಕತ್ತರಿಸಪ್ಪ, ಹೊತ್ತಾಗ್ತೈತೆ." ಖುಷ್ಕಿಯವರಿಗೆ, ಅದೂ ಮಸಾರಿ ನೆಲದವರಿಗೆ, ಹದ ಸಿಗುವುದೇ ಎರಡು ಮೂರು ದಿನ. ಅದರಲ್ಲಿ ಒಂದು ದಿನ ಒಂದು ನಟ್ಟಿಗೆ ಹೋದರೆ ಬಿತ್ತನೆ ಮುಂದಿನ ಮಳೆಗೆ ಹೋಯಿತು ಅಂತಲೇ ಲೆಕ್ಕ.

ಈ ಕೆಲಸದ ದಿನವೇ ಬೇರೆ ಎಂಬುದು ನನ್ನ ಅಭಿಪ್ರಾಯ. ಅದು ಬಿತ್ತನೆ ಮುಗಿದ ಮಾರನೇ ದಿನ. ನಾವೋ, ಪೆಟ್ಟಿಗೆಯಲ್ಲಿ ಗೊಬ್ಬರ ಉಳಿದ ಹಾಗೇ ಕೂರಿಗೆಯನ್ನು ಬೇವಿನ ಮರದ ಕೆಳಗೆ ನಿಲ್ಲಿಸುತ್ತೇವೆ. ಡಿಎಪಿ, ಯೂರಿಯಾ ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತವೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಅದು ಉಬ್ಬಿ ಬೆಣೆ ಹೊಡೆದಂತೆ ಕೂರುತ್ತದೆ. ತೊಳೆದು, ಒಣಗಿಸಿ, ಹಳೇ ಎಂಜಿನ್ ಆಯಿಲ್ ಸವರಲು ಅರ್ಧ ದಿನ ಸಾಕು.

ಈಗಾಗಲೇ ಕಚ್ಚಿಕೊಂಡಿದ್ದರೆ? ತಂತಿ ಬ್ರಷ್ಷಿನಿಂದ ಥ್ರೆಡ್ ಉಜ್ಜಿ, ಡೀಸೆಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಬಿಟ್ಟು, ರಾತ್ರಿ ಹಾಗೇ ಇರಲಿ. ಬೆಳಿಗ್ಗೆ ಮತ್ತೊಮ್ಮೆ ಬಿಡಿ. ನಟ್ಟಿನ ಒಂದು ಮಗ್ಗುಲಿಗೆ ಭಾರದ ಸುತ್ತಿಗೆ ಆನಿಸಿ, ಎದುರು ಮಗ್ಗುಲಿಗೆ ಸಣ್ಣದರಿಂದ ತಟ್ಟಿದರೆ ತುಕ್ಕು ಬಿರಿಯುತ್ತದೆ. ಆಮೇಲೆ ಅಳತೆಗೆ ಸರಿಯಾದ ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಸಡಿಲಿಸಿ. ಹೀಗೆ ಹಿಂದೆ ಮುಂದೆ. 19ರ ನಟ್ಟಿಗೆ ಬಾಯಿ ಅಗಲವಾದ ಸ್ಪ್ಯಾನರ್ ಹಾಕಿ ಪೈಪು ಸಿಕ್ಕಿಸಿ ಜಗ್ಗುವವರೇ ನಟ್ಟಿನ ಮೂಲೆ ಸವೆಸಿ ಗುಂಡಗೆ ಮಾಡುವುದು. (ಸೈಕಲ್ಲಿನ ಎಡ ಪೆಡಲಿನ ಹಾಗೆ ಉಲ್ಟಾ ಥ್ರೆಡ್ ಇರುವ ಜಾಗವೂ ಉಂಟು, ಮೊದಲು ನೋಡಿಕೊಳ್ಳಿ.)

ಕುಳದ ಬೋಲ್ಟಿನದು ಬೇರೆ ಕಾಟ. ತಲೆಯ ಕೆಳಗಿನ ಚೌಕ ಸವೆದರೆ ನಟ್ಟಿನ ಜೊತೆ ಬೋಲ್ಟೂ ಸುತ್ತುತ್ತದೆ. ಅಂಥದ್ದರ ಜೊತೆ ಜಗಳ ಬೇಡ. ನಟ್ಟಿನ ಒಂದು ಮಗ್ಗುಲನ್ನು ಹ್ಯಾಕ್ಸಾ ಬ್ಲೇಡಿನಿಂದ ಥ್ರೆಡ್ಡಿನ ಹತ್ತಿರದವರೆಗೆ ಸೀಳಿ, ಚಾಣ ಇಟ್ಟು ಒಂದು ಏಟು ಕೊಟ್ಟರೆ ಬಾಯಿ ಬಿಡುತ್ತದೆ.

ಕಾಯಿಸುವುದು ಕೊನೆಗೆ. ಡೀಸೆಲ್ ಪೂರ್ತಿ ಒರೆಸಿ, ಬೋಲ್ಟು ಬಿಟ್ಟು ನಟ್ಟನ್ನಷ್ಟೇ ಕಾಯಿಸಿದರೆ ಅದು ಹಿಗ್ಗುತ್ತದೆ. ಬಿಸಿ ಸ್ವಲ್ಪ ಇಳಿದಾಗ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಇಳಿಯುತ್ತದೆ. ಆದರೆ ಟೈರು ಇರುವ ರಿಮ್ಮಿನ ನಟ್ಟಿಗೆ ಗ್ಯಾಸ್ ಹಿಡಿಯಲೇಬೇಡಿ. ರಿಮ್ ಕಾದರೆ ಟೈರು ಬಾಂಬಿನಂತೆ ಸಿಡಿಯುತ್ತದೆ, ಗಾಳಿ ತೆಗೆದಿದ್ದರೂ ನಂಬುವಂತಿಲ್ಲ. ಟೈರನ್ನು ರಿಮ್ಮಿನಿಂದ ಕಳಚದೆ ಬೆಂಕಿ ಹಚ್ಚಬೇಡ ಎಂದು ವೆಲ್ಡರ್ ಹುಡುಗನಿಗೆ ನಾವೇ ಹೇಳಬೇಕು.

ಕೆಂಪಗೆ ಕಾದ ಬೋಲ್ಟು ಮತ್ತೆ ಹಾಕುವುದೂ ದಂಡ, ಅದರ ಗಟ್ಟಿತನ ಹೋಗಿರುತ್ತದೆ. ತಲೆಯ ಮೇಲೆ 8.8 ಎಂದಿದ್ದರೆ ಅದೇ ಗುರುತಿನದನ್ನೇ ತನ್ನಿ. ಅಂಗಡಿಯವರು "ಯಾವುದಾದ್ರೇನು ಗೌಡ್ರೇ" ಎಂದು ಮೆತ್ತನೆಯದನ್ನು ಕೊಟ್ಟರೆ ವಾಪಸ್ ಕೊಡಿ. ಕುಳಕ್ಕೆ ಹೊಸ ಬೋಲ್ಟು ಹಾಕುವಾಗ ಥ್ರೆಡ್ಡಿಗೆ ಚಿಟಿಕೆ ಗ್ರೀಸ್ ಸವರಿ, ನಾಲ್ಕು ಬೋಲ್ಟು ಹೆಚ್ಚಿಗೆ ತಂದು ಟೂಲ್ ಬಾಕ್ಸಿನಲ್ಲಿ ಇಟ್ಟಿರಿ.