ಕೇಳುವುದು ಅವಿಶ್ವಾಸವಲ್ಲ

ವೈದ್ಯರನ್ನು ಪ್ರಶ್ನಿಸುವುದು ಅಗೌರವವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಇಂಗ್ಲೆಂಡಿನ ಕಾನೂನು ಪ್ರಾಧ್ಯಾಪಕ ಇಯಾನ್ ಕೆನಡಿಯವರ ವೃತ್ತಿಜೀವನ ಈ ಭಾವನೆಯನ್ನು ತಿದ್ದುತ್ತದೆ.

ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ವೈದ್ಯಕೀಯ ಕಾನೂನನ್ನು ಬೋಧಿಸುತ್ತಿದ್ದ ಅವರು, 1980ರಲ್ಲಿ ಬಿ.ಬಿ.ಸಿ. ಬಾನುಲಿಯ ರೀತ್ ಉಪನ್ಯಾಸಗಳಲ್ಲಿ, ಆರೋಗ್ಯದ ನಿರ್ಧಾರಗಳು ವೈದ್ಯರಿಗಷ್ಟೇ ಮೀಸಲಲ್ಲವೆಂದು ವಾದಿಸಿದರು. ವೈದ್ಯಲೋಕದ ಹಲವರು ಮುನಿದರು. ಮುಂದೆ 1998ರಲ್ಲಿ, ಬ್ರಿಸ್ಟಲ್ ನಗರದ ಆಸ್ಪತ್ರೆಯೊಂದರ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯನ್ನು ಕುರಿತ ಸಾರ್ವಜನಿಕ ವಿಚಾರಣೆಗೆ ಅವರೇ ಅಧ್ಯಕ್ಷರಾದರು. 1991ರಿಂದ 1995ರವರೆಗೆ, ಆ ದೇಶದ ಇತರ ಕೇಂದ್ರಗಳಿಗೆ ಹೋಲಿಸಿದರೆ, ವರ್ಷ ತುಂಬದ 30ರಿಂದ 35 ಕೂಸುಗಳು ಅಲ್ಲಿ ಹೆಚ್ಚಾಗಿ ಅಸುನೀಗಿದ್ದವೆಂದು 2001ರ ವರದಿ ತಿಳಿಸಿತು.

ಅಲ್ಲಿನವರು ದುಷ್ಟರಲ್ಲ, ನಿರ್ದಯರೂ ಅಲ್ಲವೆಂದು ವರದಿ ಸ್ಪಷ್ಟಪಡಿಸಿತು. ನಮ್ಮನ್ನು ಹೆಚ್ಚು ಕಾಡುವುದು ಈ ಮಾತೇ. ದಯೆಯಿದ್ದೂ ಪಾರದರ್ಶಕತೆ ಇಲ್ಲದಿದ್ದರೆ ಜೀವಹಾನಿ ತಪ್ಪದು. ಮಗುವಿನ ಚಿಕಿತ್ಸೆಯಲ್ಲಿ ಹೆತ್ತವರು ಪಾಲುದಾರರು. ಅವರಿಗೆ ನಿಜ ತಿಳಿಯಲೇಬೇಕು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ: ಒಪ್ಪಿಗೆ ಪತ್ರಕ್ಕೆ ರುಜು ಹಾಕುವ ಮುನ್ನ ಮೂರು ಮಾತು ಕೇಳಿರಿ. ಈ ಚಿಕಿತ್ಸೆ ಏಕೆ? ಅಪಾಯವೇನು? ಬೇರೆ ದಾರಿಯುಂಟೇ? ವಿನಯದಿಂದ ಕೇಳಿದ ಪ್ರಶ್ನೆ ಒಳ್ಳೆಯ ವೈದ್ಯರಿಗೆ ಅವಮಾನವಲ್ಲ, ನೆರವು. ಅರಿಯದೆ ಹಾಕಿದ ರುಜು ಒಪ್ಪಿಗೆಯಾಗದು.